ಹನ್ನೆರಡು ನಲವತ್ತರ ಯಲ್ಲಾಪುರ ಬಸ್ಸು ಮತ್ತು ನನ್ನ ಯೋಗ ತರಗತಿ

೨೦೦೯ ಅಕ್ಟೋಬರ್ ೧೧, ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಆರಕ್ಕೇ ಕೂರಬೇಕೆಂದಿತ್ತು. ಹಳೆಯ ಡೈರಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಒಟ್ಟು ಹದಿನೈದು ಡೈರಿ, ೧೯೯೪ರಿಂದ ೨೦೦೮ರವರೆಗೆ.

ಬರೆಯುವುದಕ್ಕೆ ಕಾರಣ ಇಬ್ಬರು ಹುಡುಗಿಯರು. ಯೋಗದಲ್ಲಿ ಡಿಪ್ಲೊಮಾ ಮುಗಿಸಿ ಈ ವರ್ಷ ಶರತ್ಕಾಲದ ಶಿಬಿರಕ್ಕೆ ಶಿಕ್ಷಕಿಯರಾಗಿ ಸೇರಿದ್ದಾರೆ. ಹೋದ ವಾರ ಮನೆಗೆ ಬಂದು, "ಮೇಡಂ, ತರಗತಿಗೆ ಶಿಸ್ತು ತರೋದು ಹೇಗೆ ಅಂತ ನಿಮ್ಮ ಹತ್ರ ಕೇಳಿಕೊಂಡು ಬನ್ನಿ ಅಂತ ಶಿಬಿರದವರು ಹೇಳಿದ್ರು" ಎಂದರು. ಒಬ್ಬಳ ಕೈಯಲ್ಲಿ ಗೆರೆ ಹಾಕಿದ ದೊಡ್ಡ ಡ್ರಾಯಿಂಗ್ ಹಾಳೆಯ ಸುರುಳಿ. ಇನ್ನೊಬ್ಬಳ ಕೈಯಲ್ಲಿ ಕೆಂಪು ಸ್ಕೆಚ್ ಪೆನ್ನು. ಅದನ್ನು ಕಂಡ ಕೂಡಲೇ ನನಗೆ ಸಿಟ್ಟು ಯಾಕೆ ಬಂತೆಂದು ಪಾಪ ಅವರಿಗೆ ತಿಳಿಯಲಿಲ್ಲ. ಚಹಾ ಕೊಟ್ಟು ಕಳಿಸಿದೆ. ಆವತ್ತು ಹೇಳದೆ ಉಳಿದದ್ದನ್ನು ಈ ಪತ್ರಿಕೆಗೆ ಬರೆಯುತ್ತೇನೆ.

ಹೋದ ವರ್ಷ ನಾನು ಈ ಶಿಬಿರದಿಂದ ನಿವೃತ್ತಳಾದೆ. ನಿವೃತ್ತಿ ಎಂದ ಕೂಡಲೇ ಓದುವವರು ನನಗೆ ಅರವತ್ತು ತುಂಬಿಸಬಾರದು. ಕೆಲಸ ಬಿಟ್ಟಾಗ ನನಗೆ ಮೂವತ್ತೇಳು. ಬಲಗಾಲಿನ ಮಂಡಿ ಹೋಯಿತು. ಯೋಗ ಶಿಕ್ಷಕಿಯ ಮಂಡಿ ಹೋಯಿತೆಂದರೆ ಊರಿಗೆಲ್ಲ ನಗು. "ಪದ್ಮಾಸನ ಹೆಚ್ಚಾಯ್ತಾ?" ಎಂದು ಕೇಳದವರಿಲ್ಲ. ನನ್ನ ಮಂಡಿ ಹೋದದ್ದು ಪದ್ಮಾಸನದಿಂದಲ್ಲ, ಹದಿನೈದು ವರ್ಷ ಬಸ್ಸಿನ ಹಿಂದೆ ಓಡಿದ್ದರಿಂದ.

ಶಿಬಿರದ ಏರ್ಪಾಡು ಹೀಗಿತ್ತು. ವಿಜಯದಶಮಿಯ ಮರುದಿನ ಶುರು, ನರಕ ಚತುರ್ದಶಿಯ ಹಿಂದಿನ ದಿನ ಮುಕ್ತಾಯ. ಹೆಚ್ಚು ಕಡಿಮೆ ಹದಿನೆಂಟು ದಿನ. ಪ್ರತಿದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ ಶಿರಸಿಯಲ್ಲಿ ಒಂದು ಶಾಲೆಯ ಸಭಾಭವನದಲ್ಲಿ ತರಗತಿ. ಸೋಮ, ಬುಧ, ಶುಕ್ರವಾರ ಮಧ್ಯಾಹ್ನ ಸಿದ್ದಾಪುರದಲ್ಲಿ ಹೆಂಗಸರಿಗೆ. ಮಂಗಳ, ಗುರು, ಶನಿವಾರ ಮಧ್ಯಾಹ್ನ ಯಲ್ಲಾಪುರದಲ್ಲಿ. ಶಿಬಿರದ ಹೆಸರಿನಲ್ಲೇ "ನಿಧಾನ" ಎಂಬ ಮಾತಿತ್ತು. ಅದನ್ನು ಕಲಿಸುವವಳಿಗೆ ಮಾತ್ರ ಊಟಕ್ಕೆ ಹದಿನೈದು ನಿಮಿಷ.

ಇದನ್ನು ಹುಟ್ಟುಹಾಕಿದವರು ಗಣಪತಿ ಮಾಸ್ತರರು. ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು, ನನ್ನ ಮೇಲಿನವರು. ಆಶ್ವೀಜದ ಬಿಸಿಲಿಗೆ ಪಿತ್ತ ಕೆರಳುತ್ತದೆ, ಮಳೆಗಾಲದಲ್ಲಿ ಜಡ್ಡುಗಟ್ಟಿದ ಮೈಯನ್ನು ಮೆಲ್ಲಗೆ ಬಿಡಿಸಬೇಕು, ಉಸಿರು ತಣ್ಣಗಾಗಬೇಕು ಎಂದು ಅವರು ಉದ್ಘಾಟನೆಯ ದಿನ ಮುಕ್ಕಾಲು ಗಂಟೆ ಹೇಳುತ್ತಿದ್ದರು. ಮಾತು ಸರಿಯೇ. ಆದರೆ ಈ ಸೀಮೆಯಲ್ಲಿ ಆ ಹದಿನೆಂಟು ದಿನ ಪುರುಸೊತ್ತಿರುವ ಒಬ್ಬ ಮನುಷ್ಯನನ್ನು ಅವರು ತೋರಿಸಲಿ. ಗದ್ದೆಯಲ್ಲಿ ತೆನೆ, ಮನೆಯಲ್ಲಿ ಹಬ್ಬದ ಸಾರಣೆ, ಅಂಗಳಕ್ಕೆ ಚಪ್ಪರ, ಅಡಿಕೆ ಕೊನೆ ಕೊಯ್ಲಿಗೆ ಆಳು ಹುಡುಕುವುದು. ನಾಲ್ಕು ತಿಂಗಳು ಮಳೆಗೆ ಮುಂದೂಡಿದ್ದೆಲ್ಲ ಅದೇ ಹದಿನೆಂಟು ದಿನದಲ್ಲಿ ಬಂದು ನಿಲ್ಲುತ್ತದೆ. ಅಂಥವರನ್ನು ಚಾಪೆಯ ಮೇಲೆ ಮಲಗಿಸಿ "ಏನೂ ಅವಸರವಿಲ್ಲ" ಎಂದು ಹೇಳುವುದು ನನ್ನ ಕೆಲಸ.

ಅದಕ್ಕೆ ಮಾಸ್ತರರು ಕೊಟ್ಟ ಸಲಕರಣೆ ಒಂದು ಸೀಟಿ. ಪೀಂ ಎಂದರೆ ಬಗ್ಗುವುದು, ಪೀಂ ಎಂದರೆ ಏಳುವುದು. ಮೊದಲ ವರ್ಷ ನಾನೂ ಅದನ್ನು ಊದಿದೆ. ಎರಡನೆಯ ವರ್ಷ ಸೀಟಿ ಕಳೆದುಹೋಯಿತೆಂದು ಹೇಳಿದೆ. ಅದು ಸುಳ್ಳು. ಈಗಲೂ ಪೆಟ್ಟಿಗೆಯಲ್ಲಿದೆ.

ಸಿದ್ದಾಪುರದ ತರಗತಿಯಲ್ಲಿ ಸುಶೀಲತ್ತೆ ಎಂಬವರಿದ್ದರು. ಅರವತ್ತರ ಮೇಲಿನವರು, ಒಂದು ದಿನವೂ ತಪ್ಪಿಸದವರು, ಒಂದು ದಿನವೂ ಶವಾಸನದಲ್ಲಿ ಕಣ್ಣು ಮುಚ್ಚದವರು. ಶವಾಸನದಲ್ಲಿ ಯಾರು ಎಷ್ಟು ಸೆಕೆಂಡಿಗೆ ಕಣ್ಣು ಬಿಡುತ್ತಾರೆ ಎಂದು ನಾನು ಲೆಕ್ಕ ಇಡುತ್ತಿದ್ದೆ. ಇಡೀ ತರಗತಿಯ ಸರಾಸರಿ ನಲವತ್ತು ಸೆಕೆಂಡು. ಸುಶೀಲತ್ತೆಯವರದು ಸೊನ್ನೆ.

"ಅತ್ತೆ, ಎಲ್ಲ ಬಿಟ್ಟು ಮಲಗಿ. ಮೈಯಲ್ಲಿ ಜೀವವೇ ಇಲ್ಲ ಅನ್ನೋ ಹಾಗೆ" ಎಂದೆ ಒಮ್ಮೆ.

"ಅಲ್ದೇ ತಂಗಿ, ಸತ್ತಾಂಗೆ ಮಲಗಕ್ಕು ಹೇಳಿ ನಿಂದು. ಆನು ಸತ್ರೆ ನಾಳಿನ ದೋಸೆಗೆ ಅಕ್ಕಿ ನೆನೆ ಹಾಕಲೆ ಯಾರಿದ್ದ?"

ಪಕ್ಕದ ಚಾಪೆಯ ಹೆಣ ನಕ್ಕಿತು. ಅದರ ಪಕ್ಕದ್ದೂ ನಕ್ಕಿತು. ಆ ದಿನದ ಶವಾಸನ ಅಲ್ಲಿಗೆ ಮುಗಿಯಿತು. ಡೈರಿಯಲ್ಲಿ "೧೧ ಸೆಕೆಂಡು" ಎಂದಿದೆ.

ಇಂಥ ತರಗತಿಗಳಿಂದ ರೋಸಿಹೋಗಿ ೧೯೯೬ರಲ್ಲಿ ನಾನು ಗೋಡೆಪಟ್ಟಿ ತಂದೆ. ಅದು ನನ್ನದೇ ಬುದ್ಧಿ. ಡ್ರಾಯಿಂಗ್ ಹಾಳೆಯ ಮೇಲೆ ಎಡಕ್ಕೆ ಹೆಸರು, ಮೇಲೆ ತಾರೀಖು, ಪ್ರತಿ ಚೌಕದ ಮನೆಯಲ್ಲೂ ಆ ದಿನ ಮಾಡಿದ ಸೂರ್ಯನಮಸ್ಕಾರದ ಸಂಖ್ಯೆ. ಐದೂ ಮುಕ್ಕಾಲಿಗೆ ಮೊದಲು ಬಂದವರಿಗೆ ನೀಲಿ ಗುರುತು, ಆಮೇಲೆ ಬಂದವರಿಗೆ ಕೆಂಪು. ಸಭಾಭವನದ ಬಾಗಿಲ ಪಕ್ಕ ಅಂಟಿಸಿದೆ. ಒಂದೇ ವಾರದಲ್ಲಿ ಹಾಜರಿ ಇಪ್ಪತ್ತೊಂಬತ್ತರಿಂದ ನಲವತ್ತೊಂದಕ್ಕೆ ಏರಿತು. ಮಾಸ್ತರರು ಪಟ್ಟಿಯ ಮುಂದೆ ನಿಂತು, "ಭಾರೀ ಚೊಲೋ ಆತು ಕೂಸೆ" ಎಂದರು. ಅವರ ಬಾಯಿಂದ ಹೊಗಳಿಕೆ ಬಂದದ್ದು ಹದಿನೈದು ವರ್ಷದಲ್ಲಿ ಅದೊಂದೇ ಸಲ. ತಾರೀಖನ್ನೂ ಬರೆದಿಟ್ಟಿದ್ದೇನೆ.

ಜನ ಪಟ್ಟಿಗಾಗಿ ಬರತೊಡಗಿದರು. ಹನ್ನೆರಡು ನಮಸ್ಕಾರ ಮಾಡುವವರು ಇಪ್ಪತ್ತನಾಲ್ಕು ಮಾಡಿದರು. ಬ್ಯಾಂಕಿನವರು ಅಂಚೆ ಕಚೇರಿಯವರನ್ನು ಹಿಂದೆ ಹಾಕಿದರು. ಮೆಲ್ಲಗೆ ಉಸಿರು ಬಿಡಿ ಎಂದು ನಾನು ಮುಂದೆ ನಿಂತು ಹೇಳುತ್ತಿದ್ದರೆ ಹಿಂದಿನ ಸಾಲಿನವರು ಎರಡು ಸುತ್ತು ಮುಂದೆ ಹೋಗಿರುತ್ತಿದ್ದರು. ನನಗದು ಕಾಣಲಿಲ್ಲ. ನಾನು ಅಂಕಿ ಬರೆದುಕೊಳ್ಳುತ್ತಿದ್ದೆ.

ಇನ್ನು ಫಕೀರಪ್ಪನವರ ವಿಷಯ. ಹುಡುಗಿಯರಿಬ್ಬರೂ ಇದನ್ನು ಗಮನವಿಟ್ಟು ಓದಬೇಕು.

೧೯೯೭ರ ಶಿಬಿರ ಅಕ್ಟೋಬರ್ ಹನ್ನೆರಡಕ್ಕೆ ಶುರುವಾಯಿತು. ಮೊದಲ ದಿನವೇ ಖಾಕಿ ಪ್ಯಾಂಟು, ಬಿಳಿ ಬನಿಯನ್ನಿನ ಒಬ್ಬರು ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಹಾನಗಲ್ ಕಡೆಯವರು, ಸರಕಾರಿ ಬಸ್ಸಿನ ಚಾಲಕರು. ವಾರದಲ್ಲಿ ಮೂರು ದಿನ ನನ್ನನ್ನು ಯಲ್ಲಾಪುರಕ್ಕೆ ಕರೆದೊಯ್ಯುವ ಹನ್ನೆರಡು ನಲವತ್ತರ ಬಸ್ಸನ್ನು ಓಡಿಸುವವರು ಅವರೇ. ಬಸ್ಸಿನಲ್ಲಿ ಮುಖ ನೋಡಿದ್ದೆ, ಮಾತಾಡಿರಲಿಲ್ಲ.

"ಅಕ್ಕೋರ, ಇಲ್ಲಿ ಬಿ.ಪಿ. ಇಳಸ್ತೀರಂತ, ಹೌದೇನ್ರಿ?"

ನಮ್ಮ ಕಡೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುತ್ತಾರೆ. ನನಗಾಗ ಇಪ್ಪತ್ತಾರು, ಅವರಿಗೆ ನಲವತ್ತೆಂಟು.

ಸೆಪ್ಟೆಂಬರಿನಲ್ಲಿ ಅವರಿಗೆ ವೈದ್ಯಕೀಯ ಪರೀಕ್ಷೆ ಆಗಿತ್ತು. ರಕ್ತದೊತ್ತಡ ಹೆಚ್ಚು ಬಂದಿತ್ತು. ಮಾತ್ರೆ ಬರೆದುಕೊಟ್ಟು, ಅಕ್ಟೋಬರ್ ಇಪ್ಪತ್ತೇಳಕ್ಕೆ ಮರುಪರೀಕ್ಷೆ ಎಂದಿದ್ದರು. ಅದರಲ್ಲೂ ಹೆಚ್ಚು ಬಂದರೆ ಸ್ಟೇರಿಂಗ್ ಬಿಡಬೇಕು, ಡಿಪೋದ ಅಂಗಳದಲ್ಲಿ ಬೇರೆ ಕೆಲಸ.

"ಇಪ್ಪತ್ತೊಂದ್ ವರ್ಷ ಸ್ಟೇರಿಂಗ್ ಹಿಡದೀನ್ರಿ. ಒಂದ್ ಕೋಳಿ ಸತ್ತಿಲ್ಲ ನನ್ನ ಗಾಲಿಗೆ. ನಾಳೆ ಕೈಯಾಗ ಪಾನಾ ಕೊಟ್ಟು ನಟ್ ಬಿಗಿ ಅಂದ್ರ, ಬಿಗೀತೀನಿ. ಆದ್ರ ನಾನು ಬಿಗಿದ ಗಾಡಿ ಇನ್ನೊಬ್ಬ ಹೊಡ್ಕೊಂಡು ಹೋಗೂದನ್ನ ದಿನಾ ನೋಡಬೇಕಲ್ರಿ."

ನಾನು ಧೈರ್ಯ ಹೇಳಿದೆ. ಹದಿನೈದು ದಿನ ಇದೆ, ಇಳಿಸೋಣ ಎಂದೆ. ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಎಂದೆ. ಊರಿನ ಹಿರಿಯ ಡಾಕ್ಟರೊಬ್ಬರು ಆ ವರ್ಷ ಶಿಬಿರಕ್ಕೆ ತಮ್ಮ ಹಳೆಯ ಪಾದರಸದ ಬಿ.ಪಿ. ಉಪಕರಣ ಕೊಟ್ಟಿದ್ದರು, ಅಳೆಯುವುದನ್ನೂ ಹೇಳಿಕೊಟ್ಟಿದ್ದರು. ಅದನ್ನು ಉಪಯೋಗಿಸಲು ನನಗೆ ಕೈ ತುರಿಸುತ್ತಿತ್ತು. ಫಕೀರಪ್ಪನವರ ಹೆಸರಿಗೆ ಡೈರಿಯಲ್ಲಿ ಒಂದು ಪುಟ ತೆಗೆದೆ. ದಿನಾ ಬೆಳಿಗ್ಗೆ ತರಗತಿ ಶುರುವಾಗುವ ಮೊದಲು ಅಳೆದು ಬರೆಯುವುದು ಎಂದು ನಿಶ್ಚಯವಾಯಿತು.

ಅಕ್ಟೋಬರ್ ೧೩: ೧೫೬/೯೮.
ಅಕ್ಟೋಬರ್ ೧೬: ೧೬೦/೧೦೦.
ಅಕ್ಟೋಬರ್ ೨೦: ೧೬೬/೧೦೨.
ಅಕ್ಟೋಬರ್ ೨೨: ೧೭೦/೧೦೪.

ನಡುವಿನ ದಿನಗಳದ್ದೂ ಇದೆ, ಎಲ್ಲ ಏರುವುದೇ. ನನಗೆ ತಲೆ ಕೆಟ್ಟುಹೋಯಿತು. ಅವರು ಉಪ್ಪು ಬಿಟ್ಟಿದ್ದರು. ಬೀಡಿ ಬಿಟ್ಟಿದ್ದರು. ಮಾತ್ರೆಯ ಖಾಲಿ ಪಟ್ಟಿಗಳನ್ನು ತಂದು ತೋರಿಸುತ್ತಿದ್ದರು. ನಾನು ಹೇಳಿದ್ದಕ್ಕಿಂತ ಹೆಚ್ಚು ನಮಸ್ಕಾರ ಮಾಡುತ್ತಿದ್ದರು. ಗೋಡೆಪಟ್ಟಿಯಲ್ಲಿ ಅವರದು ಮೂವತ್ತಾರು, ಇಡೀ ತರಗತಿಗೇ ಮೊದಲು. ಒಂದೇ ದೋಷ, ದಿನಾ ಒಂದೆರಡು ನಿಮಿಷ ತಡ. ಹತ್ತು ದಿನದಲ್ಲಿ ಎಂಟು ಕೆಂಪು ಗುರುತು.

"ನಳದ ನೀರು ಐದೂ ಕಾಲಿಗೆ ಬರ್ತತ್ರಿ. ನಮ್ಮಾಕಿಗೆ ಸೊಂಟದ ನೋವು, ಕೊಡಾ ಎತ್ತಂಗಿಲ್ಲ. ತುಂಬಿಸಿಟ್ಟು ಸೈಕಲ್ ಹತ್ತೂದ್ರಾಗ ಐದೂವರಿ ದಾಟ್ತತಿ. ಆಮ್ಯಾಲ ಈ ನಿಮ್ಮ ದಿನ್ನಿ ಐತಲ್ರಿ..."

"ಐದು ನಿಮಿಷ ಬೇಗ ಹೊರಡಿ" ಎಂದೆ ನಾನು. ನಳದ ನೀರಿಗೆ ಹೇಳಬೇಕಾದ ಮಾತನ್ನು ಅವರಿಗೆ ಹೇಳಿದೆ. ಅವರು ಹೂಂ ಎಂದರು. ಮರುದಿನ ದಿಬ್ಬವನ್ನು ಇನ್ನೂ ಜೋರಾಗಿ ತುಳಿದುಕೊಂಡು ಬಂದರು. ನಾನು ಬಾಗಿಲಲ್ಲೇ ತೋಳು ಹಿಡಿದು, ಪಟ್ಟಿ ಸುತ್ತಿ, ಉಪಕರಣದ ರಬ್ಬರ್ ಬುರುಡೆ ಒತ್ತಿ ಅಂಕಿ ಓದಿದೆ.

"ಇವತ್ತ ಎಷ್ಟ್ರಿ?"

"ನೂರಾ ಎಪ್ಪತ್ತು."

ಅವರ ಮುಖ ನೋಡಲು ನನಗೆ ಪುರುಸೊತ್ತಿರಲಿಲ್ಲ. ತರಗತಿಗೆ ಎರಡು ನಿಮಿಷ ತಡವಾಗಿತ್ತು.

ಅಕ್ಟೋಬರ್ ಇಪ್ಪತ್ತಮೂರು ಗುರುವಾರ. ಎಂದಿನಂತೆ ಓಡಿಹೋಗಿ ಹನ್ನೆರಡು ನಲವತ್ತರ ಬಸ್ಸು ಹತ್ತಿದೆ. ಯಲ್ಲಾಪುರದ ತರಗತಿಗೂ ಬೇಕೆಂದು ಉಪಕರಣ ಚೀಲದಲ್ಲಿತ್ತು. ಬಾಗಿಲ ಪಕ್ಕದ ಮುಂದಿನ ಸೀಟು ಸಿಕ್ಕಿತು. ಅಲ್ಲಿಂದ ಚಾಲಕರ ಬೆನ್ನು, ಎಡಭುಜ ಚೆನ್ನಾಗಿ ಕಾಣುತ್ತದೆ. ಎದುರಿಗೆ ಯಾರಿದ್ದರೂ ಉಸಿರು ಎಣಿಸುವುದು ನನಗೆ ಅಂಟಿದ ಚಟ. ಭೈರುಂಬೆ ದಾಟಿದ ಮೇಲೆ ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಹನ್ನೊಂದು. ತಪ್ಪಿತೇನೋ ಎಂದು ಮತ್ತೆ ಎಣಿಸಿದೆ. ಹನ್ನೊಂದೇ. ಆ ದಿನ ಬೆಳಿಗ್ಗೆ ನನ್ನ ತರಗತಿಯಲ್ಲಿ ಅದೇ ಭುಜ ನಿಮಿಷಕ್ಕೆ ಇಪ್ಪತ್ತಮೂರು ಸಲ ಏರಿಳಿದಿತ್ತು.

ಮುಂದೆ ಒಂದು ತಿರುವಿನಲ್ಲಿ ದನದ ಹಿಂಡು ರಸ್ತೆ ತುಂಬ ನಿಂತಿತ್ತು. ಫಕೀರಪ್ಪನವರು ಬಸ್ಸು ನಿಲ್ಲಿಸಿ ಸುಮ್ಮನೆ ಕೂತರು. ಹಿಂದಿನಿಂದ ಯಾರೋ, "ಹಾರನ್ ಹೊಡಿರಿ ಮಾರಾಯ್ರೆ, ಎಂತಾ ದನ ಕಾಯ್ತಾ ಕೂತಿದ್ದು!" ಎಂದು ಕೂಗಿದರು.

"ಹಾರನ್ ಹೊಡದ್ರ ದನಾ ಓಡ್ತಾವ್ರಿ. ಎತ್ತಾಗ ಓಡ್ತಾವು ಅಂತ ಯಾರಿಗ್ ಗೊತ್ತು? ನಾವು ನಿಂತ್ರ ಅವು ತಾವ ಹೋಗ್ತಾವು."

ದನಗಳು ಹೋದವು. ಬಸ್ಸು ಹೊರಟಿತು. ಹದಿನೆಂಟು ದಿನ ಚಾಪೆ ಹಾಸಿ ನಾನು ಕಲಿಸಲು ಹೆಣಗುತ್ತಿದ್ದದ್ದನ್ನು ಈ ಮನುಷ್ಯ ಒಂದು ಕೈಯನ್ನು ಗೇರಿನ ಮೇಲಿಟ್ಟು ಮಾಡುತ್ತಿದ್ದ. ನನಗೆ ಸಂತೋಷವಾಯಿತೆಂದು ಬರೆಯಬೇಕು, ಆದರೆ ಆಗಲಿಲ್ಲ. ವಿಪರೀತ ಸಿಟ್ಟು ಬಂತು.

ಯಲ್ಲಾಪುರದಲ್ಲಿ ಜನ ಇಳಿದಾದ ಮೇಲೆ ಬಾನೆಟ್ಟಿನ ಮೇಲೆ ಉಪಕರಣ ಇಟ್ಟು, "ತೋಳು ಕೊಡಿ" ಎಂದೆ.

"ಇಲ್ಲೇನ್ರಿ?"

"ಇಲ್ಲೇ. ಸೀಟು ಬಿಟ್ಟು ಏಳಬೇಡಿ."

೧೩೮/೮೮.

ಅವರು ನನ್ನ ಮುಖ ನೋಡಿದರು, ನಾನು ಪಾದರಸ ನೋಡಿದೆ. "ಮಷೀನ್ ಕೆಟ್ಟತೇನ್ರಿ?" ಎಂದರು. ನನಗೂ ಹಾಗೇ ಅನಿಸಿತು. ಕೆಟ್ಟಿದ್ದರೆ ಒಳ್ಳೆಯದಿತ್ತು.

ಮರುದಿನ, ಶುಕ್ರವಾರ, ಸಿದ್ದಾಪುರಕ್ಕೆ ಹೋಗುವ ಮೊದಲು ಡಾಕ್ಟರ ಮನೆಗೆ ಹೋದೆ. ಡೈರಿಯ ಪುಟ ತೆರೆದು ಎರಡೂ ಬಗೆಯ ಅಂಕಿ ತೋರಿಸಿದೆ. ಅವರು ಕನ್ನಡಕ ಏರಿಸಿ ಬೆರಳಿಟ್ಟು ಓದಿದರು.

"ಬೆಳಿಗ್ಗೆ ಅಳೆಯೋ ಮೊದಲು ಇವರನ್ನ ಎಷ್ಟು ಹೊತ್ತು ಕೂರಿಸ್ತೀಯಮ್ಮ?"

"ಕೂರಿಸೋದು?"

"ಸೈಕಲ್ ತುಳಿದು ದಿಬ್ಬ ಹತ್ತಿ ಬಂದವನ ಬಿ.ಪಿ. ಬಾಗಿಲಲ್ಲೇ ನೋಡಿದರೆ ಇನ್ನೆಷ್ಟು ಬರಬೇಕು? ಅದರ ಮೇಲೆ ದಿನಾ ಅಂಕಿ ಹೇಳಿ ಹೆದರಿಸ್ತೀಯ. ಹತ್ತು ನಿಮಿಷ ಸುಮ್ಮನೆ ಕೂರಿಸಬೇಕು ಅಂತ ಮೊದಲ ದಿನವೇ ಹೇಳಿದ್ದೆನಲ್ಲ."

ಹೇಳಿರಲಿಲ್ಲ ಎಂದು ವಾದ ಮಾಡಬೇಕೆಂದಿದ್ದೆ. ಡೈರಿ ಕೈಯಲ್ಲೇ ಇತ್ತು. ಉಪಕರಣ ತಂದ ದಿನದ ಪುಟ ತೆಗೆದೆ. ನನ್ನದೇ ದುಂಡು ಅಕ್ಷರ, ಅಡಿಗೆರೆ ಬೇರೆ: "ಅಳೆಯುವ ಮೊದಲು ವ್ಯಕ್ತಿಯನ್ನು ಹತ್ತು ನಿಮಿಷ ಮಾತಿಲ್ಲದೆ ಕೂರಿಸುವುದು." ಅದರ ಕೆಳಗೆ ಚಿಕ್ಕದಾಗಿ, "ಸಮಯ ಸಾಲದು. ನೋಡೋಣ."

ಸಮಯ ಸಾಲದು! ನಿಧಾನ ಕಲಿಸುವ ತರಗತಿಯಲ್ಲಿ ಒಬ್ಬ ಮನುಷ್ಯನನ್ನು ಹತ್ತು ನಿಮಿಷ ಕೂರಿಸಲು ನನ್ನ ಹತ್ತಿರ ಸಮಯ ಇರಲಿಲ್ಲ. ಹನ್ನೆರಡು ವರ್ಷದ ಮೇಲೆ ಈ ಸಾಲು ನಕಲು ಮಾಡುವಾಗಲೂ ಪೆನ್ನು ಎಸೆಯಬೇಕೆನಿಸುತ್ತದೆ.

ಡಾಕ್ಟರು ಇನ್ನೂ ಒಂದು ಮಾತು ಹೇಳಿದರು. ಸೀಟಿನಲ್ಲಿ ಬಂದ ಅಂಕಿಯೂ ಗಡಿಯಲ್ಲೇ ಇದೆ, ಮಾತ್ರೆ ಬಿಡುವ ಹಾಗಿಲ್ಲ, ಪರೀಕ್ಷೆಗೆ ಹೋದಾಗ ಹೆದರಿದರೆ ಮತ್ತೆ ಏರುತ್ತದೆ. "ಹೆದರಿಸಿದವಳು ನೀನು. ಇಳಿಸೋದೂ ನಿನ್ನ ಕೆಲಸ. ಮೂರು ದಿನ ಇದೆ."

ಶನಿವಾರ ಬೆಳಿಗ್ಗೆ ಐದಕ್ಕೇ ಹೋಗಿ ಗೋಡೆಪಟ್ಟಿ ಕಿತ್ತು ಹಾಕಿದೆ. ಅಂಟು ಬಲವಾಗಿತ್ತು, ಸುಣ್ಣವೂ ಕಿತ್ತು ಬಂತು. ಬಂದವರಿಗೆಲ್ಲ ಹೇಳಿದೆ, ಇವತ್ತಿನಿಂದ ಮೊದಲ ಹತ್ತು ನಿಮಿಷ ಸುಮ್ಮನೆ ಕೂರುವುದು, ತಡವಾದವರು ಸದ್ದಿಲ್ಲದೆ ಬಂದು ಕೂರಬಹುದು, ಗುರುತು ಗಿರುತು ಇಲ್ಲ. ಬ್ಯಾಂಕಿನವರೊಬ್ಬರು, "ಹಾಗಾದ್ರೆ ನನ್ನ ಮುನ್ನೂರ ಹನ್ನೆರಡು ನಮಸ್ಕಾರ?" ಎಂದು ಕೇಳಿದರು. ಮನೆಗೆ ತೆಗೆದುಕೊಂಡು ಹೋಗಿ ಎಂದೆ.

ಐದು ನಲವತ್ತೇಳಕ್ಕೆ ಫಕೀರಪ್ಪನವರು ಬಂದರು. ಒಂದು ಕುರ್ಚಿ ತೋರಿಸಿದೆ.

"ಸುಮ್ನ ಕುಂದ್ರೂದಾ? ಕುಂತು ಏನ್ ಮಾಡ್ಲ್ರಿ?"

ಯಾವ ಪುಸ್ತಕದಲ್ಲೂ ಇಲ್ಲದ ಉತ್ತರ ನನ್ನ ಬಾಯಿಗೆ ಬಂತು. "ಕಣ್ಣು ಮುಚ್ಚಿ ಯಲ್ಲಾಪುರಕ್ಕೆ ಹೊರಡಿ. ಹನ್ನೆರಡು ನಲವತ್ತರ ಟ್ರಿಪ್ಪು."

ಅವರು ನಗಲಿಲ್ಲ. ಸ್ವಲ್ಪ ಯೋಚಿಸಿ ಕುರ್ಚಿಯನ್ನು ಮುಂದಕ್ಕೆಳೆದು ಸರಿಮಾಡಿಕೊಂಡರು. ಕಣ್ಣು ಮುಚ್ಚಿದರು. ಎಡಗೈ ಗೇರಿನ ಜಾಗಕ್ಕೆ ಹೋಯಿತು. ಮೂರು ನಿಮಿಷದಲ್ಲಿ ಉಸಿರು ಹದಿನಾರಕ್ಕೆ ಇಳಿಯಿತು, ಆರು ನಿಮಿಷಕ್ಕೆ ಹದಿಮೂರು. ಸಭಾಭವನದಲ್ಲಿ ಮೂವತ್ತೆಂಟು ಜನ ಕಣ್ಣು ಮುಚ್ಚಿ ಕೂತಿದ್ದರು. ಹೊರಗೆ ಹಾಲಿನವನ ಸೈಕಲ್ಲಿನ ಸದ್ದು ಕೇಳುತ್ತಿತ್ತು. ನನ್ನ ನಾಲ್ಕು ವರ್ಷದ ಕೆಲಸದಲ್ಲಿ ಅಂಥ ನಿಶ್ಶಬ್ದ ಅದೇ ಮೊದಲು.

ಪೀಂ!

ಗಣಪತಿ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು, ಬಾಯಲ್ಲಿ ಹೊಸ ಸೀಟಿ. ಮೂವತ್ತೆಂಟು ಜನ ಬೆಚ್ಚಿಬಿದ್ದರು. ಫಕೀರಪ್ಪನವರ ಬಲಗಾಲು ನೆಲವನ್ನು ಬ್ರೇಕಿನಂತೆ ಒತ್ತಿ ಹಿಡಿಯಿತು.

"ಎಂತದೇ ಕೂಸೆ ಇದು? ಯಾರು ಸತ್ತ? ಎಲ್ಲ ಸೂತಕದವ್ರಾಂಗೆ ಕೂತಿದ್ದ! ಪಟ್ಟಿ ಎಲ್ಲಿದ್ದು?"

"ಕಿತ್ತು ಹಾಕಿದೆ ಮಾಸ್ತರೆ. ಹತ್ತು ನಿಮಿಷ ಸುಮ್ಮನೆ ಕೂರಿಸ್ತಾ ಇದ್ದೇನೆ."

"ಸುಮ್ನೆ ಕೂರಲೆ ಇಲ್ಲಿವರೆಗೆ ಬರಕ್ಕಾ? ಮನೇಲಿ ಜಗುಲಿ ಇಲ್ಯಾ ಇವಕ್ಕೆ?"

ಮಾಸ್ತರರ ಪ್ರಶ್ನೆಗೆ ಉತ್ತರ ಕೊಟ್ಟವರು ಫಕೀರಪ್ಪನವರು. ಕಣ್ಣು ಬಿಡದೆಯೇ ಹೇಳಿದರು, "ಮಾಸ್ತರ, ಸ್ವಲ್ಪ ತಡೀರಿ. ಸೋಂದಾ ಕ್ರಾಸ್‌ನ್ಯಾಗ ಒಂದು ಮುದುಕಿ ಕೈ ಮಾಡ್ಯಾಳ. ಹತ್ತಿಸ್ಕೊಂಡು ಬರ್ತೀನಿ."

ಇಡೀ ಸಭಾಭವನ ನಕ್ಕಿತು. ಮಾಸ್ತರರು ನಗಲಿಲ್ಲ. ಆ ದಿನ ಹತ್ತು ನಿಮಿಷವಾದ ಮೇಲೆ ಅಳೆದದ್ದು ೧೪೨/೯೦, ಸೀಟಿಯ ಸದ್ದನ್ನೂ ಸೇರಿಸಿ. ಭಾನುವಾರ ಮತ್ತೆ ಕೂರಿಸಿದೆ. ಉಪಕರಣ ತೆಗೆಯಲು ಹೋದಾಗ ಅವರು ಕೈ ಅಡ್ಡ ಹಿಡಿದರು.

"ಇವತ್ತ ಬ್ಯಾಡ್ರಿ ಅಕ್ಕೋರ. ಇವತ್ತ ಉಪಳೇಶ್ವರದ ತನಕಾ ಹೋಗಿ ಬಂದೀನಿ. ಅಂಕಿ ಕೇಳಿದ್ರ ಮತ್ತ ಮನಸು ಅಲ್ಲೇ ಕುಂದರ್ತತಿ."

ಡೈರಿಯಲ್ಲಿ ಆ ದಿನದ ಮನೆ ಖಾಲಿ.

ಸೋಮವಾರ ಪರೀಕ್ಷೆ. ನಾನು ಸಿದ್ದಾಪುರದಲ್ಲಿದ್ದೆ. ಅಲ್ಲೂ ಮೊದಲ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿದೆ. ಸುಶೀಲತ್ತೆ ಗೋಡೆಗೆ ಒರಗಿ ಕೂತವರು ಬಾಯಿ ತೆರೆದು ನಿದ್ದೆ ಹೋದರು. ಎದ್ದ ಮೇಲೆ, "ತಂಗಿ, ಇದು ಮಲಗಿದ್ದಕ್ಕಿಂತ ಚೊಲೋ ಇದ್ದು" ಎಂದರು. ನನಗೆ ಸಂತೋಷಪಡಲು ಆಗಲಿಲ್ಲ. ಪರೀಕ್ಷೆ ಹನ್ನೊಂದಕ್ಕೆ ಎಂದಿದ್ದರು. ಈ ಹೊತ್ತಿಗೆ ಮುಗಿದಿರಬೇಕು, ಏನಾಗಿರಬಹುದು, ಅಲ್ಲಿ ಅವರನ್ನು ಕೂರಿಸಿದರೋ ಇಲ್ಲವೋ, ದಿಬ್ಬವಿದೆಯೋ ಮೆಟ್ಟಿಲಿದೆಯೋ. ಹನ್ನೆರಡು ದಿನ ಹೆದರಿಸಿದ್ದನ್ನು ಎರಡು ದಿನದ ಕುರ್ಚಿ ತೊಳೆಯುತ್ತದೆಯೇ? ಆ ಸೀಟು ಹೋದರೆ ಅದಕ್ಕೆ ಕಾರಣ ಮಾತ್ರೆಯಲ್ಲ, ಉಪ್ಪಲ್ಲ. ನಾನು.

ಮಂಗಳವಾರ ಬೆಳಿಗ್ಗೆ ಅವರು ತರಗತಿಗೆ ಬರಲಿಲ್ಲ. ಕುರ್ಚಿ ಖಾಲಿ ಇತ್ತು.

ಹನ್ನೊಂದು ಗಂಟೆಗೆ ಮಾಸ್ತರರು ಮನೆಗೆ ಕರೆಸಿಕೊಂಡರು. ಹಾಜರಿ ಮೂವತ್ತೆಂಟರಿಂದ ಇಪ್ಪತ್ತಾರಕ್ಕೆ ಇಳಿದಿತ್ತು. ಶಿಸ್ತಿನ ಮೇಲೆ ಅವರ ಮಾತು ಮುಗಿಯುವಾಗ ಹನ್ನೆರಡೂವರೆ ದಾಟಿತ್ತು. ನಾನು ಓಡಿದೆ. ಚೀಲ, ಉಪಕರಣ, ಚಾಪೆ ಹೊತ್ತುಕೊಂಡು ಓಡಿದೆ. ಮಂಡಿಯಲ್ಲಿ ಏನೋ ಛಳಕ್ಕೆಂದದ್ದು ಆವತ್ತೇ. ಅದು ನನ್ನ ಡೈರಿಯಲ್ಲಿ ಮಂಡಿಯ ಮೊದಲ ಉಲ್ಲೇಖ.

ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಹನ್ನೆರಡು ನಲವತ್ತೆರಡು. ಯಲ್ಲಾಪುರದ ಬಸ್ಸು ಎಂಜಿನ್ ಚಾಲೂ ಮಾಡಿ ನಿಂತಿತ್ತು. ಚಾಲಕನ ಕಿಟಕಿಯಲ್ಲಿ ಒಂದು ಖಾಕಿ ಮೊಣಕೈ ಕಾಣಿಸಿತು. ಖಾಕಿ ಮೊಣಕೈ ಎಲ್ಲ ಚಾಲಕರಿಗೂ ಇರುತ್ತದೆ. ಮುಂದೆ ಸುತ್ತಿ ಹೋಗಿ ಮೇಲೆ ನೋಡುವ ತನಕ ನನಗೆ ಉಸಿರಿರಲಿಲ್ಲ.

"ಎರಡ್ ನಿಮಿಷ ತಡಾ, ಅಕ್ಕೋರ. ಕೆಂಪ್ ಗುರುತು ಹಾಕ್ಲೇನ್ರಿ?"

ಫಕೀರಪ್ಪನವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು.

"ಎಷ್ಟು ಬಂತು?" ಎಂದೆ ನಾನು. ಹೇಗಿದ್ದೀರಿ ಎಂದು ಕೇಳಲಿಲ್ಲ, ಪಾಸಾಯಿತೇ ಎಂದೂ ಕೇಳಲಿಲ್ಲ.

"ಹತ್ರಿ ಮದ್ಲ. ಸುಮ್ನ ಕುಂದ್ರ್ರಿ. ಹತ್ತು ನಿಮಿಷ ಆದಮ್ಯಾಲ ಹೇಳ್ತೀನಿ."

ಹತ್ತಿ ಕೂತೆ. ಹತ್ತು ನಿಮಿಷಕ್ಕೆ ಸರಿಯಾಗಿ ಬಾಯಿ ತೆರೆದೆ. ಬಸ್ಸು ತಿರುವಿನಲ್ಲಿತ್ತು, ಅವರ ಕಣ್ಣು ರಸ್ತೆಯ ಮೇಲಿತ್ತು, ನಾನು ಕೇಳಲಿಲ್ಲ. ಮಂಚಿಕೇರಿಯಲ್ಲಿ ಹಬ್ಬದ ಜನ ತುಂಬಿದರು. ಯಲ್ಲಾಪುರದಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಅವರು ಒಂದು ಕೈ ಎತ್ತಿದರು, ಅಷ್ಟೇ. ಮರುದಿನದ ಕೊನೆಯ ತರಗತಿಗೂ ಅವರು ಬರಲಿಲ್ಲ, ಶಿಬಿರ ಮುಗಿದ ಮೇಲೆ ನಾನು ಆ ಬಸ್ಸು ಹತ್ತಲಿಲ್ಲ. ಮುಂದಿನ ವರ್ಷ ಶಿಬಿರ ಶುರುವಾಗುವ ಮೊದಲೇ ಅವರಿಗೆ ಬೇರೆ ಕಡೆ ವರ್ಗವಾಯಿತು ಎಂದು ಕಂಡಕ್ಟರರೊಬ್ಬರು ಹೇಳಿದರು. ಊರು ಯಾವುದೆಂದು ಅವರಿಗೆ ನೆನಪಿರಲಿಲ್ಲ.

ಶಿರಸಿಯಲ್ಲಿ ಪಟ್ಟಿಯನ್ನು ನಾನು ಮತ್ತೆ ಅಂಟಿಸಲಿಲ್ಲ. ಮಾಸ್ತರರು ಅದೇ ವರ್ಷ ಅದನ್ನು ಸಿದ್ದಾಪುರದಲ್ಲಿ ಅಂಟಿಸಿದರು. ೨೦೦೪ರ ಹೊತ್ತಿಗೆ ಟೀವಿಯಲ್ಲಿ ಬೆಳಗಿನ ಯೋಗ ಬಂತು. ಜನ ಹೊಟ್ಟೆಯನ್ನು ತಿದಿಯಂತೆ ಒತ್ತುವುದನ್ನು ಕಲಿತು ಬಂದು, ನಿಮಿಷಕ್ಕೆ ಎಷ್ಟು ಸಲ ಒತ್ತಬೇಕು ಎಂದು ನನ್ನನ್ನು ಕೇಳತೊಡಗಿದರು. ಮೊದಲು ಹತ್ತು ನಿಮಿಷ ಕೂತುಕೊಳ್ಳಿ ಎಂದರೆ ಅರ್ಧ ಜನ ಮರುದಿನ ಬರುತ್ತಿರಲಿಲ್ಲ. ಸೀಟಿ, ಪಟ್ಟಿ, ಟೀವಿ, ಯಾವುದು ಬಂದರೂ ಅವಸರ ಅದರೊಳಗೆ ಮೊದಲೇ ಹೋಗಿ ಕೂತಿರುತ್ತದೆ. ಹುಡುಗಿಯರಿಬ್ಬರಿಗೂ ನಾನು ಹೇಳುವುದು ಇಷ್ಟೇ. ಆ ಹಾಳೆಯ ಸುರುಳಿಯ ಹಿಂಬದಿ ಖಾಲಿ ಇದೆ, ಅದನ್ನು ಬೇರೆ ಏನಕ್ಕಾದರೂ ಬಳಸಿ. ಬಂದವರು ಎಲ್ಲಿಂದ, ಹೇಗೆ ಬಂದರು ಎಂದು ಮೊದಲು ಕೇಳಿ. ಅವರ ಊರಿನಲ್ಲಿ ನಳದ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೂ ನಿಮಗೆ ಗೊತ್ತಿರಲಿ.

ಈಗ ಏಳೂ ಐವತ್ತು. ೧೯೯೭ರ ಡೈರಿಯಲ್ಲಿ ಅಕ್ಟೋಬರ್ ಇಪ್ಪತ್ತೇಳರ ಎದುರಿನ ಮನೆ ಖಾಲಿಯೇ ಇದೆ. ಹಾನಗಲ್ ಕಡೆಯ ಫಕೀರಪ್ಪ ಎಂಬ ಚಾಲಕರು ಆಮೇಲೆ ಯಾವ ಡಿಪೋಗೆ ಹೋದರು, ನಿವೃತ್ತಿಯವರೆಗೂ ಸ್ಟೇರಿಂಗ್ ಹಿಡಿದರೋ ಇಲ್ಲವೋ, ಈಗ ಹೇಗಿದ್ದಾರೆ ಎಂದು ಬಲ್ಲವರಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಅವರನ್ನೇ ಕಾಣುವವರಿದ್ದರೆ, ಹತ್ತು ನಿಮಿಷ ಆಗಿ ಬಹಳ ಹೊತ್ತಾಯಿತು ಎಂದು ಅಕ್ಕೋರು ಹೇಳಿದರೆಂದು ತಿಳಿಸಿ.